ಯಾರದು ಎಂದು ಕೇಳದ ಗಂಟು

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂದಿನ ಇಳಿಜಾರಿನಲ್ಲಿ ಕೆಳಗಿಳಿದು, ಖಾಲಿ ಸಿಲಿಂಡರುಗಳ ಸಾಲು ದಾಟಿದರೆ ಬಟ್ಟೆ ಒಗೆಯುವ ವಿಭಾಗದ ತಗಡಿನ ಬಾಗಿಲು. ಇಲ್ಲಿನವರೆಲ್ಲ ಅತ್ತಿಗೆ ಎಂದು ಕರೆಯುವ ಮೇಲ್ವಿಚಾರಕಿ ಅದನ್ನು ಭುಜದಿಂದ ನೂಕಿ ಒಳಗೆ ಬರುತ್ತಾರೆ, ಊಟದ ಡಬ್ಬಿಯ ಚೀಲವನ್ನು ಮೊಳೆಗೆ ತಗಲಿಹಾಕುತ್ತಾರೆ, ಚಪ್ಪಲಿ ಕಳಚಿ ರಬ್ಬರ್ ಬೂಟು ಮೆಟ್ಟುತ್ತಾರೆ, ದೀಪದ ಸ್ವಿಚ್ಚುಗಳನ್ನೆಲ್ಲ ಅಂಗೈಯಲ್ಲಿ ಒಂದೇ ಸಲಕ್ಕೆ ಒತ್ತುತ್ತಾರೆ. ಬೇರೆಯವರಾಗಿದ್ದರೆ ಮೊದಲು ಯಂತ್ರಗಳತ್ತ ಹೋಗುತ್ತಿದ್ದರು. ಇವರು ಹೋಗುವುದು ಬಾಗಿಲ ಪಕ್ಕದ ನೀಲಿ ಪೀಪಾಯಿಯ ಹತ್ತಿರ. ಮುಚ್ಚಳ ಎತ್ತಿ, ಸೊಂಟಕ್ಕೆ ಕೈ ಕೊಟ್ಟು, ಬಗ್ಗಿ ಇಣುಕುತ್ತಾರೆ. ಒಳಗೆ ನಾಲ್ಕು ಚಾದರ, ಒಂದು ದಿಂಬಿನ ಕವರು. ಒಂದೊಂದರ ಮೂಲೆಯಲ್ಲೂ ಒಂದೊಂದು ಗಂಟು.

"ಸದ್ಯ, ಇದಾವೆ," ಎನ್ನುತ್ತಾರೆ.

ಆ ಐದು ಗಂಟುಗಳು ರಾತ್ರಿ ಪಾಳಿಯವರ ಐದು ತಪ್ಪುಗಳು. ಒಂದು ಚಾದರ ಇಸ್ತ್ರಿ ಯಂತ್ರದ ಉರುಳೆಗೆ ಸಿಕ್ಕಿ ಹರಿದಿದೆ. ಎರಡು ಸೀದಿವೆ. ಇನ್ನೊಂದಕ್ಕೆ ಬ್ಲೀಚು ಹೆಚ್ಚಾಗಿ, ಬೆರಳಲ್ಲಿ ಒತ್ತಿದರೆ ಎಳೆ ಎಳೆಯಾಗಿ ಕೈಗೆ ಬರುತ್ತದೆ. ದಿಂಬಿನ ಕವರಿನ ಕಥೆ ಏನೆಂದು ಬಿಚ್ಚಿ ನೋಡಬೇಕು. ಕೈಕೆಳಗಿನವರ ತಪ್ಪು ಕಂಡು 'ಸದ್ಯ' ಎಂದು ಉಸಿರು ಬಿಡುವ ಮೇಲ್ವಿಚಾರಕಿ ಎಲ್ಲಾದರೂ ಉಂಟೇ ಎಂದು ಯಾರಾದರೂ ಮೂಗು ಮುರಿಯಬಹುದು. ಈ ನೆಲಮಾಳಿಗೆಯಲ್ಲಿ ಉಂಟು. ಮೇಲಿನ ಆರು ಮಹಡಿಗಳಲ್ಲಿ ಮಲಗಿರುವ ರೋಗಿಗಳಲ್ಲಿ ಒಬ್ಬರೂ ಅವರ ಮುಖ ಕಂಡವರಲ್ಲ, ಆದರೆ ಎಲ್ಲರೂ ಮಲಗಿರುವುದು ಅವರ ಕೈ ದಾಟಿ ಬಂದ ಬಟ್ಟೆಯ ಮೇಲೆ.

ದಿನಕ್ಕೆ ಸುಮಾರು ಎರಡು ಸಾವಿರ ಚಾದರ ಇಲ್ಲಿಗೆ ಇಳಿಯುತ್ತವೆ. ಅದರ ಮೇಲೆ ದಿಂಬಿನ ಕವರು, ಟವೆಲು, ರೋಗಿಗಳ ಅಂಗಿ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಮೂರು ಪಾಳಿ, ಪಾಳಿಗೆ ಹತ್ತು ಹನ್ನೆರಡು ಜನ. ಕೊಳೆ ಬಟ್ಟೆಯನ್ನು ಬೇರ್ಪಡಿಸುವವರು ಒಂದು ಕಡೆ, ಒಗೆಯುವವರು, ಒಣಗಿಸುವವರು, ಇಸ್ತ್ರಿಯವರು ಇನ್ನೊಂದು ಕಡೆ. ಕೊನೆಗೆ ಬೆಳಕಿನ ಮೇಜು: ಅಡಿಯಲ್ಲಿ ಟ್ಯೂಬ್‌ಲೈಟು ಕೂರಿಸಿದ ದಪ್ಪ ಗಾಜು. ಹಸಿರು ಬಟ್ಟೆಯನ್ನು ಅದರ ಮೇಲೆ ಹರಡಿದರೆ ಕೂದಲೆಳೆಯಷ್ಟು ತೂತಿದ್ದರೂ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಆಪರೇಷನ್ ಮಾಡುವಾಗ ರೋಗಿಯ ಮೈಮೇಲೆ ಹೊದಿಸುವ ಬಟ್ಟೆ ಅದು. ತೂತಿದ್ದರೆ ಹೊರಗಿನ ಕೊಳಕು ಗಾಯಕ್ಕೆ ದಾರಿ ಹುಡುಕಿಕೊಳ್ಳುತ್ತದೆ. ಹಾಗಾಗಿ ಆ ಮೇಜಿನ ಮುಂದೆ ಕೂತವರು ಹರಟೆ ಹೊಡೆಯುವ ಹಾಗಿಲ್ಲ.

ಅತ್ತಿಗೆ ಎಂಬ ಹೆಸರು ಬಂದದ್ದು ಹೀಗೆ. ಅವರ ಗಂಡನ ತಂಗಿ ಹಿಂದೆ ಇಲ್ಲೇ ಇಸ್ತ್ರಿಯಲ್ಲಿದ್ದಳು. ಅವಳು 'ಅತ್ತಿಗೆ, ಅತ್ತಿಗೆ' ಎಂದು ಕೂಗುವುದು ಕೇಳಿ ಉಳಿದವರೂ ಶುರುಮಾಡಿದರು. ನಾದಿನಿ ಮದುವೆಯಾಗಿ ಕೆಲಸ ಬಿಟ್ಟಳು, ನಂಟು ಮಾತ್ರ ಇಲ್ಲೇ ಉಳಿಯಿತು. ಈಗ ಅಜ್ಜನಾಗಿರುವ ಲಿಫ್ಟಿನವನೂ ಅವರಿಗೆ ಮೈದುನ. "ಒಂದ್ಸಲ ನನ್ನ ಯಜಮಾನ್ರೇ ಇಲ್ಲಿಗೆ ಬಂದು, ಎಲ್ಲರೂ ಕೂಗೋದು ಕೇಳಿ ಕೇಳಿ, 'ಅತ್ತಿಗೆ ಇದಾರಾ' ಅಂತ ವಿಚಾರಿಸಿದ್ರಂತೆ," ಎಂದು ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. "ಒಂದು ವಾರ ಮನೇಲಿ ಅವರ ಮಾನ ಹರಾಜು ಹಾಕಿದೆ."

ಅವರು ಇಲ್ಲಿಗೆ ಸೇರಿದ್ದು ಇಪ್ಪತ್ತರ ಹರೆಯದಲ್ಲಿ, ಕೊಳೆ ಬಟ್ಟೆ ಬೇರ್ಪಡಿಸುವ ಕೆಲಸಕ್ಕೆ. ಆಗಿನ ಮೇಲ್ವಿಚಾರಕನನ್ನು ಬೆನ್ನ ಹಿಂದೆ ಎಲ್ಲರೂ ಗುಡುಗಪ್ಪ ಎನ್ನುತ್ತಿದ್ದರು. ಕೆಟ್ಟವನಲ್ಲ, ಕೆಲಸ ಬಲ್ಲವನು. ಆದರೆ ಹರಿದ ಚಾದರ ಕೈಗೆ ಸಿಕ್ಕರೆ ಅದನ್ನು ಬಾವುಟದ ಹಾಗೆ ಮೇಲೆತ್ತಿ ಹಿಡಿದು "ಯಾರದಿದು?" ಎಂದು ಕೂಗುತ್ತಿದ್ದ. ಯಾರದೆಂದು ಗೊತ್ತಾಗುವ ತನಕ ಯಂತ್ರ ನಿಲ್ಲಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ. ಜನ ಏನು ಮಾಡುತ್ತಾರೆ? ಹರಿಯುವುದನ್ನು ನಿಲ್ಲಿಸಲಾಗದು, ಬಚ್ಚಿಡುವುದನ್ನು ಕಲಿತರು. ಒಣಗಿಸುವ ಯಂತ್ರದ ಹಿಂದೆ, ಪೈಪುಗಳ ಸಂದಿಯಲ್ಲಿ, ಹಲಗೆ ಕೂರಿಸಿದ ಒಳಛಾವಣಿಯ ಮೇಲೆ. ಹೊಟ್ಟೆಗೆ ಸುತ್ತಿಕೊಂಡು ಮನೆಗೆ ಒಯ್ದು ಒಲೆಗೆ ಹಾಕಿದವರೂ ಉಂಟು. ಬಚ್ಚಿಡಲು ಜಾಗ ಸಿಗದವರು ಮಡಚಿ ಒಳ್ಳೆಯ ಚಾದರಗಳ ನಡುವೆ ತೂರಿಸುತ್ತಿದ್ದರು. ಅದು ನೇರವಾಗಿ ರೋಗಿಯ ಹಾಸಿಗೆಗೆ ಹೋಗುತ್ತಿತ್ತು.

"ಒಂದ್ಸಲ ಕೊಳೆ ಬಟ್ಟೆಯೊಳಗೆ ಯಾರೋ ಬಿಟ್ಟಿದ್ದ ಸೂಜಿ ನನ್ನ ಬೆರಳಿಗೆ ಚುಚ್ಚಿತು," ಎಂದು ಅತ್ತಿಗೆ ಎಡಗೈ ತೋರುಬೆರಳು ತೋರಿಸುತ್ತಾರೆ. "ಕೈಗವಸು ಹಾಕಿರ್ಲಿಲ್ಲ, ತಪ್ಪು ನಂದೇ. ಹೇಳಿದ್ರೆ ಬೈತಾನೆ ಅಂತ ನಲ್ಲಿ ಕೆಳಗೆ ತೊಳ್ಕೊಂಡು ಸುಮ್ಮನಾದೆ. ರಕ್ತ ಪರೀಕ್ಷೆ ಮಾಡಿಸ್ಕೊಳ್ಳೋಕೂ ಹೆದರಿಕೆ. ತಿಂಗಳಾನುಗಟ್ಟಲೆ ಮಗೂನ ಎತ್ತಿಕೊಳ್ಳಲೇ ಇಲ್ಲ. ಏನೂ ಆಗ್ಲಿಲ್ಲ ಅನ್ನಿ. ಆದ್ರೆ ನೋಡಿ, ಸಾಯೋ ಭಯಕ್ಕಿಂತ ಬೈಗುಳದ ಭಯ ದೊಡ್ಡದಾಗಿತ್ತು ನನಗೆ. ಎಂಥಾ ಹುಚ್ಚು!"

ಗುಡುಗಪ್ಪ ನಿವೃತ್ತನಾದ ಮೇಲೆ ಕೆಲಸ ಬಲ್ಲವರು ಬೇರೆ ಯಾರೂ ಒಪ್ಪದೆ ಆ ಕುರ್ಚಿ ಅತ್ತಿಗೆಯ ಕೊರಳಿಗೆ ಬಿತ್ತು. ಮೊದಲ ವಾರವೇ ಅವರು ಇಸ್ತ್ರಿ ಉರುಳೆಯ ಮುಂದೆ ನಿಂತು ಯಾರೊಂದಿಗೋ ಮಾತಾಡುತ್ತಾ ಒಂದು ಹೊಸ ಚಾದರವನ್ನೇ ಸುಟ್ಟರು. ಸಂಜೆ ಹೊಲಿದರಾಯಿತೆಂದು ಗುರುತಿಗೆ ಮೂಲೆಯಲ್ಲಿ ಒಂದು ಗಂಟು ಹಾಕಿ, ಖಾಲಿ ಬಿದ್ದಿದ್ದ ಸೋಪಿನ ಪೀಪಾಯಿಗೆ ಎಸೆದರು, ಮರೆತೂಬಿಟ್ಟರು. ಮರುದಿನ ನೆನಪಾಗಿ ನೋಡಿದರೆ ಪೀಪಾಯಿಯಲ್ಲಿ ಮೂರು ಗಂಟುಗಳು! ಒಂದು ತಮ್ಮದು. ಉಳಿದೆರಡು ಯಾರದು? ಕೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಆ ಪ್ರಶ್ನೆ ತಮ್ಮ ಬಾಯಿಂದ ಗುಡುಗಪ್ಪನ ದನಿಯಲ್ಲೇ ಬರುತ್ತಿತ್ತು ಎನ್ನುತ್ತಾರೆ ಅತ್ತಿಗೆ.

ಅಂದಿನಿಂದ ಅದೇ ನಿಯಮ. ಕೆಟ್ಟ ಬಟ್ಟೆಗೆ ಗಂಟು ಹಾಕು, ಪೀಪಾಯಿಗೆ ಎಸೆ, ಕೆಲಸ ಮುಂದುವರಿಸು. ಯಾರದೆಂದು ಯಾರೂ ಕೇಳುವುದಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಅತ್ತಿಗೆ ಎಲ್ಲರೆದುರು ಗಂಟು ಬಿಚ್ಚುತ್ತಾರೆ, ಹೇಗೆ ಹಾಳಾಗಿದೆ ಎಂದು ಎಲ್ಲರೂ ಸೇರಿ ನೋಡುತ್ತಾರೆ. ಒಮ್ಮೆ ವಾರಪೂರ್ತಿ ಬಂದ ಚಾದರಗಳೆಲ್ಲ ಎಡಮೂಲೆಯಲ್ಲೇ ಹರಿದಿದ್ದವು. ಉರುಳೆಯ ಎಡಬದಿ ಬಿಚ್ಚಿಸಿದರೆ ಒಳಗೆ ಬೇರಿಂಗು ಸವೆದು ಕೂತಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಯಾರದಾದರೂ ಕೈಯನ್ನೇ ಎಳೆದುಕೊಳ್ಳುತ್ತಿತ್ತು ಎಂದು ರಿಪೇರಿಯವನು ಹೇಳಿದ. ವಾರ್ಡುಗಳಿಂದ ಹರಿದ ಚಾದರದ ದೂರು ಬರುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಮೇಲಿನವರಿಗೆ ಕಾರಣ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಬೆಳಕಿನ ಮೇಜಿನಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಗಾಬರಿ ಎಂದೇ ಕರೆಯುತ್ತಾರೆ. ಇಲಿ ಎಂದರೆ ಹುಲಿ ಎನ್ನುವ ಜೀವ. ಹಿಂದೆ ಇದ್ದ ಕಾರ್ಖಾನೆಯಲ್ಲಿ ಬೈಸಿಕೊಂಡೇ ಮೆತ್ತಗಾದವಳು. ಇಲ್ಲಿಗೆ ಬಂದ ಮೊದಲ ವರ್ಷ ಅತಿ ಹೆಚ್ಚು ಗಂಟು ಅವಳದ್ದೇ ಎಂದು ಅವಳೇ ಹೇಳಿಕೊಳ್ಳುತ್ತಾಳೆ. ಈಗ ಅವಳ ಕಣ್ಣು ತಪ್ಪಿಸಿ ಒಂದು ತೂತು ಆಚೆ ಹೋಗುವುದು ಕಷ್ಟ. ಆದರೆ ಹೋದ ವರ್ಷದ ತನಕ ಅವಳು ಗುತ್ತಿಗೆಯವಳಾಗಿದ್ದಳು. ಒಂದು ದೂರು ಬಂದರೆ ನಾಳೆಯಿಂದ ಬರಬೇಡ ಎನ್ನಬಹುದಿತ್ತು.

ಕಳೆದ ವರ್ಷ ಹೊಸ ಮ್ಯಾನೇಜರ್ ಬಂದರು. ಉಗ್ರಾಣದ ವಿಭಾಗದಿಂದ ಬಂದವರು, ಮೆತ್ತನೆ ಮಾತಿನವರು, ಬೂಟು ಒದ್ದೆಯಾದರೂ ನೆಲಮಾಳಿಗೆಗೆ ದಿನಾ ಇಳಿದು ಬರುವವರು. ಗಂಟಿನ ಪದ್ಧತಿ ಕೇಳಿ ಅವರಿಗೆ ಇಷ್ಟವೂ ಆಯಿತು. ಆಗಲೇ ಒಂದು ಯೋಚನೆ ಹೊಳೆಯಿತು. ಗಂಟು ಯಾರದೆಂದು ಕೇಳುವುದು ಬೇಡ, ಯಾವ ಪಾಳಿಯದು ಎಂದು ಮಾತ್ರ ಎಣಿಸೋಣ. ತಿಂಗಳಿಡೀ ಅತಿ ಕಡಿಮೆ ಗಂಟು ಬಂದ ಪಾಳಿಗೆ ಬಹುಮಾನ. "ಬೈಯೋದಕ್ಕಿಂತ ಬಹುಮಾನ ಕೊಡೋದು ಒಳ್ಳೇದಲ್ವಾ?" ಎಂದು ಅತ್ತಿಗೆಯನ್ನೇ ಕೇಳಿದರು. ಹೌದೆಂದು ಅತ್ತಿಗೆಯೂ ತಲೆಯಾಡಿಸಿದರು.

ಬಹುಮಾನವೂ ಅಂತಿಂಥದ್ದಲ್ಲ, ಇಡೀ ಪಾಳಿಗೆ ಒಂದು ಭಾನುವಾರದ ರಜೆ, ಎಲ್ಲರಿಗೂ ಒಟ್ಟಿಗೆ. ಆಸ್ಪತ್ರೆಗೆ ಭಾನುವಾರ ಎಂಬುದಿಲ್ಲ, ಆದ್ದರಿಂದ ಇಲ್ಲಿ ದುಡಿಯುವವರಿಗೂ ಇಲ್ಲ. ಮ್ಯಾನೇಜರ್ ತಾವೇ ಕುಂಚ ಹಿಡಿದು ಒಂದು ಹಳೇ ಚಾದರದ ಮೇಲೆ ನೀಲಿ ಬಣ್ಣದಲ್ಲಿ, ತಮ್ಮ ಗುಂಡು ಗುಂಡು ಅಕ್ಷರದಲ್ಲಿ, 'ಗಂಟಿಲ್ಲದ ಪಾಳಿಗೆ ಭಾನುವಾರ' ಎಂದು ಬರೆದು ಗೋಡೆಗೆ ಕಟ್ಟಿಸಿದರು.

ಮೊದಲ ವಾರ ಗಂಟುಗಳು ಅರ್ಧಕ್ಕಿಳಿದವು. ಎರಡನೇ ವಾರ ಬೆರಳೆಣಿಕೆಗೆ ಬಂದವು. ಮೂರನೇ ವಾರ ಬೆಳಗ್ಗೆ ಅತ್ತಿಗೆ ಮುಚ್ಚಳ ಎತ್ತಿದರೆ ಪೀಪಾಯಿಯ ತಳ ಕಾಣುತ್ತಿತ್ತು. ಮ್ಯಾನೇಜರ್ ಚಹಾ ತರಿಸಿ ಎಲ್ಲರಿಗೂ ಕೊಟ್ಟರು.

"ಯಂತ್ರ ಅದೇ, ಕೈ ಅದೇ, ಬಟ್ಟೆ ಅದೇ ಹಳೇದು. ಹರಿಯೋದು ಮಾತ್ರ ಹೇಗ್ರೀ ನಿಲ್ಲುತ್ತೆ?" ಎನ್ನುತ್ತಾರೆ ಅತ್ತಿಗೆ. "ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಯಾಕೆ ಅಂದ್ರೆ ನಮ್ಮ ಪಾಳಿನೇ ಮುಂದಿತ್ತು."

ಮುಂದಿದ್ದದ್ದಷ್ಟೇ ಅಲ್ಲ. ತಿಂಗಳ ಕೊನೆಗೆ ಸಿಗಲಿದ್ದ ಆ ಭಾನುವಾರವೇ ಗಾಬರಿಯ ಮಗಳ ಶಾಲೆಯಲ್ಲಿ ನಾಟಕ. ಮಗಳದು ಮರದ ಪಾತ್ರ. "ಮಾತಿಲ್ಲ ಅತ್ತಿಗೆ, ನಿಂತ್ಕೊಳ್ಳೋದು ಅಷ್ಟೇ," ಎಂದು ಗಾಬರಿ ವಾರವಿಡೀ ಎಲ್ಲರಿಗೂ ಹೇಳಿ ಹೇಳಿ, ಆ ಮರಕ್ಕೆ ಎಷ್ಟು ಎಲೆ ಅಂಟಿಸಿದ್ದಾರೆ ಎಂಬುದೂ ನೆಲಮಾಳಿಗೆಗೆಲ್ಲ ಬಾಯಿಪಾಠವಾಗಿತ್ತು. ಮಗಳು ವೇದಿಕೆ ಹತ್ತುವುದನ್ನು ಅವಳು ಈವರೆಗೆ ಒಮ್ಮೆಯೂ ಕಂಡಿರಲಿಲ್ಲ.

ತಿಂಗಳ ಕೊನೆಯ ಶನಿವಾರ. ಗಾಬರಿ ಚಹಾ ಕುಡಿಯಲು ಎದ್ದಳು, ಅವಳ ಜಾಗದಲ್ಲಿ ಅತ್ತಿಗೆ ಕೂತರು. ನಾಲ್ಕೈದು ಹಸಿರು ಬಟ್ಟೆ ನೋಡಿ ಮಡಚಿದರು. ಆರನೆಯದನ್ನು ಹರಡಿದಾಗ ಅಂಚಿನ ಹತ್ತಿರ ಒಂದು ಬಿಳಿ ಚುಕ್ಕೆ ಹೊಳೆಯಿತು. ಸಾಸಿವೆ ಕಾಳಿನಷ್ಟು ತೂತು.

"ಅಷ್ಟು ವರ್ಷದಲ್ಲಿ ಮೊದಲ್ನೇ ಸಲ ಆ ಕಡೆ ಈ ಕಡೆ ನೋಡಿದೆ," ಎನ್ನುತ್ತಾರೆ ಅತ್ತಿಗೆ. ದನಿ ಏರುವುದಿಲ್ಲ, ಇಳಿಯುವುದಿಲ್ಲ. "ಗಂಟು ಹಾಕಿದ್ರೆ ಭಾನುವಾರ ಹೋಗುತ್ತೆ. ಎಲ್ಲರದ್ದೂ ಹೋಗುತ್ತೆ. ಸಣ್ಣ ತೂತು, ಅಂಚಲ್ಲಿದೆ. ಕಟ್ಟಿನ ಅಡೀಲಿ ಇಟ್ಟಿರೋಣ, ಸೋಮವಾರ ಬಂದು ತೆಗೆದುಬಿಟ್ರಾಯ್ತು ಅಂದ್ಕೊಂಡೆ. ಬೇಲಿನೇ ಎದ್ದು ಹೊಲ ಮೇಯೋದು ಅಂತಾರಲ್ಲ, ಹಾಗೆ."

ಕಟ್ಟಿನ ಅಡಿಯಲ್ಲಿ ಇಟ್ಟರು ಸರಿ. ಆದರೆ ಇಲ್ಲಿ ಬಟ್ಟೆಯ ಕಟ್ಟನ್ನು ಗಾಡಿಗೆ ಹಾಕುವಾಗ ಮಗುಚಿ ಹಾಕುತ್ತಾರೆ, ಅಡಿಯದು ಮೇಲೆ ಬಂದು ಮೊದಲು ಬಳಕೆಯಾಗುತ್ತದೆ. ಹೊಸಬರಿಗೆ ಮೊದಲ ದಿನವೇ ಅತ್ತಿಗೆ ಹೇಳಿಕೊಡುವ ಪಾಠ ಅದು. ಅಂದು ಅವರಿಗೇ ನೆನಪಾಗಲಿಲ್ಲ. ಕಟ್ಟು ಬಟ್ಟೆಯ ಕ್ರಿಮಿ ಕೊಲ್ಲುವ ಆವಿ ಕೋಣೆಗೆ ಹೋಯಿತು. ಅಲ್ಲಿ ಯಾರೂ ಬಿಡಿಸಿ ನೋಡುವುದಿಲ್ಲ, ಕೆಳಗಿನವರು ನೋಡಿಯೇ ಕಳಿಸಿರುತ್ತಾರೆ ಎಂಬ ನಂಬಿಕೆ. ಬಹುಮಾನದ ರಜೆ ಅತ್ತಿಗೆಯ ಪಾಳಿಗೇ ಸಿಕ್ಕಿತು. ಭಾನುವಾರ ಮಧ್ಯಾಹ್ನ ಒಂದು ತುರ್ತು ಆಪರೇಷನ್. ರೋಗಿಯ ಮೇಲೆ ಹೊದಿಸಿದ ಬಟ್ಟೆಯಲ್ಲಿ, ದೊಡ್ಡ ದೀಪದ ಕೆಳಗೆ, ಸಿಸ್ಟರ್ ಕಣ್ಣಿಗೆ ಆ ತೂತು ಬಿತ್ತು. ಕೈ ತೊಳೆದು ನಿಂತ ಡಾಕ್ಟರನ್ನು ತಡೆದು, ಎಲ್ಲ ತೆಗೆದು, ಮೊದಲಿಂದ ಮತ್ತೆ ಹೊದಿಸಬೇಕಾಯಿತು. ರೋಗಿಗೆ ಏನೂ ಆಗಲಿಲ್ಲ. ಆಗಬಹುದಿತ್ತು.

ಸೋಮವಾರ ಬೆಳಗ್ಗೆ ಗಾಬರಿ ಓಡುತ್ತಲೇ ಬಂದಳು. "ಅತ್ತಿಗೆ, ಒಂಚೂರೂ ಅಲುಗಾಡ್ಲಿಲ್ಲ ನನ್ನ ಮಗಳು! ಪಕ್ಕದಲ್ಲಿ ರಾಜ ಬಿದ್ದೇಬಿಟ್ಟ, ಇವಳು ಮಾತ್ರ ನಿಂತೇ ಇದ್ಲು!" ಎಂದು ಎರಡು ಕೈ ಮೇಲೆತ್ತಿ ಮರದ ಹಾಗೆ ನಿಂತು ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆಗಲೇ ಮ್ಯಾನೇಜರ್ ಆ ಹಸಿರು ಬಟ್ಟೆ ಹಿಡಿದು ಒಳಗೆ ಬಂದದ್ದು.

"ಶನಿವಾರ ಬೆಳಕಿನ ಮೇಜಲ್ಲಿ ಯಾರಿದ್ರು?"

ಎಷ್ಟೋ ವರ್ಷಗಳ ಮೇಲೆ ಆ ಕೋಣೆಯಲ್ಲಿ 'ಯಾರು' ಎಂಬ ಮಾತು ಕೇಳಿತು. ಎಲ್ಲರ ಕಣ್ಣೂ ಗಾಬರಿಯತ್ತ ಹೋದವು. ಅವಳ ಕೈಗಳು ಇನ್ನೂ ಮೇಲೇ ಇದ್ದವು. "ನಾನೇ ಸಾರ್," ಎಂದಳು. "ಆದ್ರೆ ಇದನ್ನ ನೋಡಿದ ನೆನಪಿಲ್ಲ... ನೋಡಿದ್ನೇನೋ... ಮನಸ್ಸೆಲ್ಲ ನಾಟಕದ ಮೇಲಿತ್ತು ಸಾರ್." ಮಾಡದ ತಪ್ಪನ್ನು ಅವಳು ಎಲ್ಲರ ಕಣ್ಣೆದುರೇ ತನ್ನದು ಮಾಡಿಕೊಳ್ಳುತ್ತಿದ್ದಳು. ಮ್ಯಾನೇಜರಿಗೂ ಅದು ಹಿಂಸೆಯೇ ಆಗಿರಬೇಕು. ತೊಳೆದ ಬಟ್ಟೆಯ ಮೇಜಿನ ಮೇಲೆ ಆ ಹಸಿರು ಬಟ್ಟೆ ಇಟ್ಟು, "ಮೇಲಿನವರು ಹೆಸರು ಕೇಳಿದಾರೆ. ನಾಳೆ ನಾನು ಹೇಳ್ಬೇಕು," ಎಂದಷ್ಟೇ ಹೇಳಿ ಹೊರಟರು.

ಅತ್ತಿಗೆ ಅಲ್ಲೇ ನಿಂತಿದ್ದರು. ಬಾಯಿ ಬಿಡಲಿಲ್ಲ.

"ಬಿಡೋಕಾಗ್ಲಿಲ್ಲ," ಎನ್ನುತ್ತಾರೆ. "ನಿವೃತ್ತಿಗೆ ಒಂದು ವರ್ಷ ಇತ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲರಿಗೂ ಪಾಠ ಹೇಳಿದ ಬಾಯಿ ಇದು. ಯಾವ ಮುಖ ಇಟ್ಕೊಂಡು ಹೇಳ್ಲಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನಾನು ಹೆಗಲೂ ಮುಟ್ಕೊಳ್ಳಲಿಲ್ಲ, ಅಷ್ಟು ಗಟ್ಟಿಯಾಗಿ ನಿಂತಿದ್ದೆ. ಅವಳ ಮಗಳಿಗಿಂತ ಒಳ್ಳೇ ಮರ ನಾನೇ ಆಗಿದ್ದೆ ಅವತ್ತು."

ಅಂದು ಮನೆಯಲ್ಲಿ ತಟ್ಟೆಯ ಮುಂದೆ ಕೂತು ಕೈ ಆಡಿಸುತ್ತಲೇ ಇದ್ದರು. ಗಂಡ ಸೈಕಲ್ ರಿಪೇರಿಯವರು, ಹೆಚ್ಚು ಮಾತಿನವರಲ್ಲ. ಏನಾಯಿತೆಂದು ಕೇಳಿದರು, ಅತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ತಮ್ಮ ತಟ್ಟೆ ಸರಿಸಿ, "ಸೂಜಿ ಚುಚ್ಚಿದಾಗ ನೀನು ನನಗಾದ್ರೂ ಹೇಳಿದ್ದೆ. ಆ ಹುಡುಗಿ ಯಾರಿಗೆ ಹೇಳ್ಕೋತಾಳೆ?" ಎಂದರು. ಆಮೇಲೆ ತಾವೇ ಎದ್ದು ಮಜ್ಜಿಗೆ ತಂದುಕೊಟ್ಟರು, ಅದನ್ನಾದರೂ ಕುಡಿ ಎಂದು.

ಮರುದಿನ ಬೆಳಗಿನ ಚಹಾಕ್ಕೆ ಪಾಳಿಯವರೆಲ್ಲ ಸೇರಿದಾಗ ಪೀಪಾಯಿ ಖಾಲಿಯಾಗಿಯೇ ಇತ್ತು. ಹೆಸರು ಕೇಳಲು ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತಿದ್ದರು. ಅತ್ತಿಗೆ ಆ ಹಸಿರು ಬಟ್ಟೆ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಅದರ ಮೂಲೆಗೆ ಬಿಗಿಯಾಗಿ ಒಂದು ಗಂಟು ಹಾಕಿ ಮೇಜಿನ ನಡುವೆ ಇಟ್ಟರು.

"ಇದು ನಂದು," ಎಂದರು. "ಅವಳು ಚಹಾಕ್ಕೆ ಹೋದಾಗ ನಾನು ಕೂತಿದ್ದೆ. ತೂತು ನೋಡಿದ್ದೆ. ಗಂಟು ಹಾಕ್ಲಿಲ್ಲ, ಕಟ್ಟಿನ ಅಡೀಲಿ ಇಟ್ಟೆ."

ಇಸ್ತ್ರಿಯ ಉರುಳೆ ನೋಡಿಕೊಳ್ಳುವ ದಪ್ಪ ಮೀಸೆಯವನನ್ನು ಎಲ್ಲರೂ ಮೀಸೆ ಮಾವ ಎನ್ನುತ್ತಾರೆ. ಅವನೇ ತಡವರಿಸಿ, "ಅಲ್ಲ ಅತ್ತಿಗೆ, ಯಾರದು ಅಂತ ಹೇಳಬಾರದು ಅಂತ ನಿಯಮ ಅಲ್ವಾ?" ಎಂದ.

"ಕೇಳಬಾರದು ಅಂತ ನಿಯಮ ಕಣೋ. ಹೇಳಬಾರದು ಅಂತ ಎಲ್ಲಿದೆ?"

ಗಾಬರಿ ಅಳಲು ಶುರುಮಾಡಿದಳು. "ನನ್ನ ಮಗಳ ನಾಟಕಕ್ಕೋಸ್ಕರ ತಾನೇ ಅತ್ತಿಗೆ..." ಎಂದು ಬಿಕ್ಕಿದಳು. "ಅದನ್ನ ಮಧ್ಯೆ ತರಬೇಡ," ಎಂದು ಗದರಿದರು ಅತ್ತಿಗೆ. "ಪಾಪ, ಮರ ಏನು ಮಾಡುತ್ತೆ?" ಅಳುತ್ತಿದ್ದವಳಿಗೆ ನಗು ಬಂತು, ನಕ್ಕವಳಿಗೆ ಮತ್ತೆ ಅಳು ಬಂತು.

ಮೀಸೆ ಮಾವ ಎದ್ದು ಹೋದ. ಒಣಗಿಸುವ ಯಂತ್ರದ ಹಿಂದೆ ತೂರಿ, ಒಂದು ತೆಕ್ಕೆಯಷ್ಟು ಸುಟ್ಟ ಚಾದರ ತಬ್ಬಿಕೊಂಡು ಬಂದು, ಒಂದೊಂದಕ್ಕೇ ಗಂಟು ಹಾಕತೊಡಗಿದ. ಮಡಿಸುವ ಮೇಜಿನ ಇಬ್ಬರು ಹೆಂಗಸರು ಪೈಪಿನ ಸಂದಿಗೆ ಕೈ ಹಾಕಿದರು. ಯಾರೋ ಏಣಿ ತಂದು ಛಾವಣಿಯ ಹಲಗೆ ಸರಿಸಿದರು, ದೂಳಿನ ಜೊತೆ ದಿಂಬಿನ ಕವರುಗಳು ತಲೆ ಮೇಲೆ ಸುರಿದವು. ಗುಡುಗಪ್ಪನ ಕಾಲದ ಅಡಗುತಾಣಗಳನ್ನು ಯಾರೂ ಮರೆತಿರಲಿಲ್ಲ, ಹೊಸಬರಿಗೂ ಅದು ಹೇಗೋ ಗೊತ್ತಾಗಿತ್ತು. ಮೇಜಿನ ಮೇಲೆ ರಾಶಿ ಬೆಳೆಯಿತು.

ಮ್ಯಾನೇಜರ್ ಹತ್ತಿರ ಬಂದು ರಾಶಿಯ ಮೇಲೆ ಕೈ ಇಟ್ಟರು. "ಇಷ್ಟೂ ಈ ತಿಂಗಳದ್ದಾ?" ಎಂದರು.

"ಹೌದು ಸಾರ್," ಎಂದರು ಅತ್ತಿಗೆ.

ಅವರು ಗೋಡೆಯ ಮೇಲಿದ್ದ ತಮ್ಮ ಬರಹವನ್ನು ಒಮ್ಮೆ ನೋಡಿ, ಮೆಟ್ಟಿಲು ಹತ್ತಿ ಹೋದರು. ಮೇಲಿನವರಿಗೆ ಅವರು ಕೊಟ್ಟದ್ದು ಅತ್ತಿಗೆಯ ಹೆಸರನ್ನೇ, ಅದು ಸರಿಯೇ. ಅತ್ತಿಗೆಗೆ ಎಚ್ಚರಿಕೆಯ ಪತ್ರ ಬಂತು, ಕೆಲವು ವಾರ ಬೆಳಕಿನ ಮೇಜಿನಲ್ಲಿ ಕೂರುವಂತಿಲ್ಲ ಎಂದಾಯಿತು. "ಬರಬೇಕಾದ್ದೇ," ಎನ್ನುತ್ತಾರೆ ಅವರು. "ತಪ್ಪು ಮಾಡಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಅದೆರಡೂ ಬೇರೆ ಬೇರೆ." ಗಾಬರಿಯ ಕೆಲಸ ಉಳಿಯಿತು.

ಅದರ ಮರುದಿನ ಬೆಳಗ್ಗೆ ಅತ್ತಿಗೆ ಪೀಪಾಯಿಯ ಮುಚ್ಚಳ ಎತ್ತಿದರು. ರಾತ್ರಿ ಪಾಳಿಯ ಏಳೆಂಟು ಗಂಟುಗಳ ಮೇಲೆ, ಎಲ್ಲಕ್ಕಿಂತ ಕೊನೆಗೆ ಹಾಕಿದ್ದು, ಒಂದು ದೊಡ್ಡ ಗಂಟಿತ್ತು. ಹಳೇ ಚಾದರ. ಮಡಿಕೆಗಳ ನಡುವೆ ನೀಲಿ ಬಣ್ಣ ಇಣುಕುತ್ತಿತ್ತು. ಅತ್ತಿಗೆ ತಿರುಗಿ ಗೋಡೆ ನೋಡಿದರೆ ಅಲ್ಲಿ ಬರೀ ನಾಲ್ಕು ಮೊಳೆಗಳಿದ್ದವು.

ಚಹಾದ ಹೊತ್ತಿಗೆ ಎಲ್ಲರೂ ಅದನ್ನು ನೋಡಿದರು. ಯಾರದೆಂದು ಯಾರೂ ಕೇಳಲಿಲ್ಲ. ಮ್ಯಾನೇಜರ್ ದಿನದಂತೆ ಇಳಿದು ಬಂದು, ಉರುಳೆಯ ಬಿಸಿ ಹೆಚ್ಚಾಗುತ್ತಿದೆಯೇ ನೋಡಬೇಕು ಎಂದು ಮಾತಾಡಿ, ಹೊರಡುವಾಗ "ಬರ್ತೀನಿ ಅತ್ತಿಗೆ," ಎಂದರು. ಅಲ್ಲಿಯವರೆಗೆ ಅವರು ಮೇಡಂ ಎನ್ನುತ್ತಿದ್ದರು.

ಈಗ ಪಾಳಿಯವರಿಗೆಲ್ಲ ಸರದಿಯ ಮೇಲೆ ಭಾನುವಾರ ರಜೆ ಸಿಗುತ್ತದೆ. ಗೆಲ್ಲಬೇಕಾಗಿಲ್ಲ. ಸರದಿ ಯಾರದೆಂದು ಇನ್ನೂ ಜಗಳ ನಡೆಯುತ್ತದೆ, ಅದು ಬೇರೆ ಮಾತು. ಗಂಟುಗಳು ಮೊದಲಿನಷ್ಟೇ ಬರುತ್ತವೆ. ಉರುಳೆ ನಿಜವಾಗಿಯೂ ಹೆಚ್ಚು ಕಾಯುತ್ತಿತ್ತು, ಆ ರಾಶಿಯ ಸುಟ್ಟ ಚಾದರಗಳಿಂದ ಅದು ಗೊತ್ತಾಯಿತು, ರಿಪೇರಿಯಾಯಿತು. ಆಪರೇಷನ್ ಕೋಣೆಯ ಸಿಸ್ಟರ್ ಆ ಭಾನುವಾರದ ನಂತರ ಕೆಲವು ವಾರ ಪ್ರತಿ ಹಸಿರು ಬಟ್ಟೆಯನ್ನೂ ಬೆಳಕಿಗೆ ಹಿಡಿದೇ ಹೊದಿಸುತ್ತಿದ್ದರು. "ಕೆಳಗಿಂದ ಆ ಹೆಂಗಸು ತಾನಾಗೇ ಬಂದು 'ಅದು ನಂದು, ತಪ್ಪಾಯ್ತು' ಅಂದ್ರು. ಇಲ್ಲಿ ಹಾಗೆ ಹೇಳಿದವರನ್ನ ನಾನು ಕಂಡಿಲ್ಲ," ಎನ್ನುತ್ತಾರೆ ಅವರು. "ಈಗ ಅವರ ಕಟ್ಟು ಅಂದ್ರೆ ನನಗೆ ಧೈರ್ಯ."

ಆ ನೀಲಿ ಅಕ್ಷರದ ಚಾದರ ಈಗ ಪೀಪಾಯಿಯ ಮೇಲಿನ ಗೂಟದಲ್ಲಿ ತೂಗುತ್ತಿದೆ, ಗಂಟು ಹಾಕಿದ ಹಾಗೇ. ಅದು ಯಾರದೆಂದು ಕೇಳಿದರೆ ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು, ಮುಖದಲ್ಲಿ ನಗುವಿನ ಗೆರೆಯೂ ಮೂಡಿಸದೆ, "ಯಾರೋ ತಪ್ಪು ಮಾಡಿದವರದ್ದಿರಬೇಕು," ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಗಂಟು ಬಿಚ್ಚಿದ ಅತ್ತಿಗೆ ಅದೊಂದನ್ನು ಬಿಚ್ಚಿಲ್ಲ. "ಬಿಚ್ಚಿದ್ರೆ ಒಳಗಿನ ಅಕ್ಷರ ಕಾಣುತ್ತೆ," ಎನ್ನುತ್ತಾರೆ. "ಯಾರ ಕೈಬರಹ ಅಂತ ಗೊತ್ತಾಗಿಬಿಡುತ್ತಲ್ಲ!"

ಹೊರಗೆ ಬೆಳಕಾಗಿದೆ. ಬೆಳಗಿನ ಪಾಳಿಯವರು ಒಬ್ಬೊಬ್ಬರೇ ಒಳಗೆ ಬರುತ್ತಿದ್ದಾರೆ. ಗಾಬರಿ ಗಾಜಿನ ಮೇಜು ಒರೆಸುತ್ತಿದ್ದಾಳೆ. ಅವಳ ಕೆಲಸ ಈ ವರ್ಷ ಖಾಯಂ ಆಗಿದೆ, ಅತ್ತಿಗೆ ಹೋದ ಮೇಲೆ ಬೆಳಗ್ಗೆ ಗಂಟು ಬಿಚ್ಚುವವಳು ಅವಳೇ. ಹಾಗೆಂದು ಹೇಳಿದ ದಿನ ಅವಳು ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡು, ಒದ್ದೆಯಾದ ಟವೆಲಿಗೆ ಆಗಲೇ ಒಂದು ಗಂಟು ಹಾಕಿದಳಂತೆ.

ಅತ್ತಿಗೆಯ ನಿವೃತ್ತಿ ಈ ತಿಂಗಳ ಕೊನೆಗೆ. ಹಾರ ಗೀರ ಏನೂ ಬೇಡ ಎಂದಿದ್ದಾರೆ. ಮತ್ತೇನು ಆಸೆ ಎಂದು ಕೇಳಿದರೆ, ಪೀಪಾಯಿಯಿಂದ ಮೊದಲ ಚಾದರ ಎತ್ತಿ, ಗಂಟಿನ ಬಿಗಿ ನೋಡುತ್ತಾ, ಬೆರಳಿನ ತುದಿಯಲ್ಲಿ ಸಡಿಲಿಸುತ್ತಾ ಹೇಳುತ್ತಾರೆ.

"ಕೊನೇ ದಿನ ಬಂದು ಮುಚ್ಚಳ ತೆಗೆದಾಗ ಒಳಗೆ ಒಂದಾದ್ರೂ ಗಂಟಿರಬೇಕು. ನನ್ನನ್ನ ಖುಷಿಯಾಗಿ ಕಳಿಸೋಣ ಅಂತ ಇವರೇನಾದ್ರೂ ಖಾಲಿ ಇಟ್ಟಿದ್ರೆ, ನಾನು ಮನೆಗೆ ಹೋಗಲ್ಲ ನೋಡಿ."